ದಮ್ಮು ಬಿಡದವನ ಜಾಗ

ನಾನು ಮದುವೆಯಾಗಿ ಗಜೇಂದ್ರಗಡಕ್ಕೆ ಬಂದ ಮೊದಲ ವರ್ಷವೇ ನಮ್ಮ ಪಕ್ಕದ ಮನೆಯ ಹಿರಿಮಗ ಆಟದ ಅಂಗಳದಲ್ಲಿ ಸತ್ತ. ಈಗ ಎಲ್ಲರೂ ಕಬಡ್ಡಿ ಎನ್ನುವ ಆಟಕ್ಕೆ ಆಗ ನಮ್ಮ ಕಡೆ ಹುತುತು ಎನ್ನುತ್ತಿದ್ದರು. ಒಬ್ಬ ಒಂದೇ ಉಸಿರಿನಲ್ಲಿ 'ಹುತುತು ಹುತುತು' ಎನ್ನುತ್ತ ಎದುರಿನವರ ಅಂಗಳಕ್ಕೆ ನುಗ್ಗಬೇಕು, ಯಾರನ್ನಾದರೂ ಮುಟ್ಟಿ ವಾಪಸು ಬರಬೇಕು. ಅವರು ಹಿಡಿದುಕೊಂಡರೆ, ಉಸಿರು ಇರುವಷ್ಟರಲ್ಲಿ ಜಗ್ಗಾಡಿ ನಡುಗೆರೆ ಮುಟ್ಟಬೇಕು. ಉಸಿರು ಬಿಟ್ಟರೆ ಸೋತ. ಹಿಡಿದವರು ಕೈ ಬಿಡುತ್ತಾರೆ. ಆ ಉಸಿರಿಗೆ ನಮ್ಮವರು ದಮ್ಮು ಎನ್ನುತ್ತಿದ್ದರು.

ರೋಣದ ಪಂದ್ಯದಲ್ಲಿ ಅವನ ಮೇಲೆ ಐದಾರು ಮಂದಿ ಬಿದ್ದರು. ಅವನ ದಮ್ಮು ದೊಡ್ಡದು. ಮೈಗಳ ರಾಶಿಯ ಕೆಳಗಿನಿಂದ 'ಹುತುತು' ಕೇಳುತ್ತಲೇ ಇತ್ತಂತೆ. ಕೇಳುತ್ತಿದೆಯಲ್ಲ ಎಂದು ಹಿಡಿದವರು ಬಿಡಲಿಲ್ಲ, ಇನ್ನೂ ಒತ್ತಿದರು. ಅದು ನಿಂತಾಗ ಪಂಚರು ಸೀಟಿ ಊದಿದರು. ಎಲ್ಲರೂ ಮೈ ಕೊಡವಿಕೊಂಡು ಎದ್ದರು. ಅವನು ಏಳಲಿಲ್ಲ.

ಚಕ್ಕಡಿಯಲ್ಲಿ ಅವನನ್ನು ತಂದಾಗ ನನ್ನ ಯಜಮಾನರು ಚಕ್ಕಡಿಯ ಹಿಂದೆಯೇ ನಡೆದು ಬಂದಿದ್ದರು. ಕಾಲಿನ ಧೂಳು ಮೊಣಕಾಲಿನವರೆಗೆ ಏರಿತ್ತು. ಅವರೂ ಅದೇ ತಂಡದವರು. ನುಗ್ಗುವವರಲ್ಲ, ಹಿಡಿಯುವವರು. ಬಂದವನ ಹಿಮ್ಮಡಿಗೆ ಕೈ ಹಾಕಿದರೆ ಬಿಡಿಸಿಕೊಂಡು ಹೋದವರಿಲ್ಲ ಎಂದು ರೋಣ, ನರಗುಂದದವರೆಗೂ ಅವರ ಹೆಸರಿತ್ತು. ಆ ದಿನ ನೀರು ಕೊಟ್ಟರೆ ಕುಡಿಯಲಿಲ್ಲ. ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಹೊಸ್ತಿಲಲ್ಲಿ ನಿಂತಿದ್ದರು.

ನಾನು ಹೇಳಬೇಕೆಂದಿರುವುದು ಅದರ ಮರುವರ್ಷದ ಮಾತು.

ನಮ್ಮದು ನೇಕಾರರ ಮನೆ. ಒಳಗೆ ಎರಡು ಕುಣಿಮಗ್ಗ, ಹೊರಗೆ ಅಗಲವಾದ ಕಟ್ಟೆ. ನನ್ನ ಮಾವ ಒಂದು ಕಾಲಕ್ಕೆ ಹುತುತು ಆಡಿ ಹೆಸರು ಮಾಡಿದವರು. ವಯಸ್ಸಾದ ಮೇಲೆ ತಂಡವನ್ನು ಕಟ್ಟುವವರೂ ಕಲಿಸುವವರೂ ಅವರೇ. ಖರ್ಚೆಲ್ಲ ನೂಲಿನ ಸಾವಕಾರರದು. ನಮ್ಮ ಓಣಿಯ ಬಹಳಷ್ಟು ಮಗ್ಗಗಳಿಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದವರು ಅವರೇ. ದೀಪಾವಳಿ ಮುಗಿದು ಆಟದ ಹಂಗಾಮು ಸುರುವಾದರೆ ಆಡುವವರು ಮಗ್ಗ ಬಿಡುತ್ತಿದ್ದರು. ಅವರ ಮನೆಗಳಿಗೆ ಕಾಳುಕಡಿ, ಅವರ ಹೊಟ್ಟೆಗೆ ಹಾಲು ತುಪ್ಪ ಸಾವಕಾರರ ಮನೆಯಿಂದ ಬರುತ್ತಿತ್ತು. ಆ ನಾಲ್ಕು ತಿಂಗಳು ಆಟವೇ ಅವರ ದುಡಿಮೆ. ಅದಕ್ಕಾಗಿಯೇ, ಯಾರು ಆಡಬೇಕು ಎನ್ನುವುದು ಬರೀ ಹರಟೆಯ ಮಾತಾಗಿರಲಿಲ್ಲ.

ಗಣೇಶನನ್ನು ಕಳಿಸಿದ ಮೇಲೆ ನಮ್ಮ ಕಟ್ಟೆಯ ಮೇಲೆ ಸಂಜೆಯ ಕೂಟ ಸೇರತೊಡಗಿತು. ಮಾವ, ಸಾವಕಾರರು, ನನ್ನ ಯಜಮಾನರು ಮತ್ತು ಕಲಾಯಿಯವರು. ಕಲಾಯಿಯವರು ಎಂದರೆ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಮುಸಲ್ಮಾನರ ಮನೆಯವರು. ನುಗ್ಗುವವರಲ್ಲಿ ಅವರೇ ಮೊದಲಿಗರು. ತಿದಿ ಒತ್ತಿ ಒತ್ತಿ ಗಟ್ಟಿಯಾದ ಎದೆ, ಬೆಕ್ಕಿನಂಥ ನಡೆ. ನನ್ನ ಯಜಮಾನರಿಗೆ ಅಣ್ಣಾ ಎನ್ನುತ್ತಿದ್ದರು, ನನಗೆ ವೈನಿ.

ಆ ವರ್ಷದ ಚಿಂತೆ ಇಷ್ಟೇ: ಹಿಡಿಯುವವರು ಬೇಕಾದಷ್ಟಿದ್ದರು, ನುಗ್ಗುವವರಿರಲಿಲ್ಲ. ತಂಡಕ್ಕೆ ಮೂವರಾದರೂ ಬೇಕು. ಒಬ್ಬನ ದಮ್ಮು ಸೋತಾಗ ಇನ್ನೊಬ್ಬ, ಅವನು ಹೊರಬಿದ್ದರೆ ಮತ್ತೊಬ್ಬ. ಎರಡನೆಯವನು ಗಿರಣಿಯ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋಗಿಬಿಟ್ಟಿದ್ದ. ಮೂರನೆಯವನು ರೋಣದಿಂದ ಚಕ್ಕಡಿಯಲ್ಲಿ ಬಂದಿದ್ದ. ಉಳಿದವರು ಕಲಾಯಿಯವರು ಒಬ್ಬರೇ, ಅವರ ಬಲಮೊಣಕಾಲು ಶ್ರಾವಣದಿಂದಲೂ ಬಾತಿತ್ತು.

ನಾನು ಒಳಗೆ ಬಾಗಿಲ ಮರೆಯಲ್ಲಿ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನನ್ನ ಪಕ್ಕದಲ್ಲಿ ಇನ್ನೊಂದು ರಾಟಿ. ಅದರ ಮುಂದೆ ಕೂರುತ್ತಿದ್ದವಳು ದೊಡ್ಡವ್ವ, ಸತ್ತವನ ತಾಯಿ. ಗಂಡ ಎಂದೋ ತೀರಿಹೋಗಿದ್ದ. ಮನೆಯಲ್ಲಿ ಈಗ ಅವಳೂ ಕಿರಿಮಗನೂ ಇಬ್ಬರೇ. ಒಬ್ಬಳೇ ಕೂತು ಸುತ್ತಲಾರದೆ ದಿನಾ ಸಂಜೆ ನಮ್ಮಲ್ಲಿಗೆ ಬರುತ್ತಿದ್ದಳು. ಹೊರಗೆ ಗಂಡಸರು ಅವಳ ಮಗನ ಜಾಗಕ್ಕೆ ಆಳು ಹುಡುಕುತ್ತಿದ್ದರು. ಅವರಾಡುವ ಒಂದೊಂದು ಮಾತೂ ಒಳಗೆ ಕೇಳುತ್ತಿತ್ತು. ಅವಳು ಒಳಗಿರುವುದು ಅವರಿಗೂ ಗೊತ್ತಿತ್ತು. ಮೊದಮೊದಲು ದನಿ ತಗ್ಗಿಸುತ್ತಿದ್ದರು, ಆಮೇಲೆ ಮಾತಿನ ಬಿಸಿಯಲ್ಲಿ ಮರೆತರು.

"ಮುಶಿಗೇರ್ಯಾಗ ಒಬ್ಬಾಂವ ಇದ್ದಾನ್ರಿ, ಎತ್ತರದ ಆಳು. ಇಲ್ಲಿ ನಿಂತು ಕೈ ಚಾಚಿದ್ರ ಅಲ್ಲಿದ್ದಾಂವನ್ನ ಮುಟ್ತಾನ," ಎಂದರು ಸಾವಕಾರರು ಒಂದು ದಿನ.

"ಕೈ ಉದ್ದ ಐತಿ, ದಮ್ಮು ಗಿಡ್ಡ ಐತಿ," ಎಂದರು ಮಾವ. "ನಡುಗೆರಿ ದಾಟೂದ್ರಾಗ ಉಸಿರು ಬಿಡ್ತಾನ. ನಾ ನೋಡೇನಿ."

"ಲಕ್ಕಲಕಟ್ಟಿ ಕುರುಬರ ಹುಡುಗ?"

"ಓಡ್ತಾನ್ರಿ, ಚಲೋ ಓಡ್ತಾನ," ಕಲಾಯಿಯವರು ನಕ್ಕರು. "ಆದ್ರ ಬರೇ ಹಿಂದಕ್ಕ ಓಡ್ತಾನ."

ಎಲ್ಲರೂ ನಕ್ಕರು. ನನಗೂ ನಗು ಬಂತು. ದೊಡ್ಡವ್ವನ ಮುಖ ನೋಡಿ ತಡೆದುಕೊಂಡೆ. ಹೀಗೆ ಎಷ್ಟೋ ಸಂಜೆ ಹೆಸರುಗಳು ಬಂದವು, ಹೋದವು. ನಗು ಕಡಿಮೆಯಾಗುತ್ತ ಬಂತು. ಹಂಗಾಮಿನ ಮೊದಲ ಪಂದ್ಯ ನರಗುಂದದವರ ಜೊತೆ, ಕೊಣ್ಣೂರಿನಲ್ಲಿ ಎಂದು ನಿಕ್ಕಿಯಾಗಿತ್ತು. ನರಗುಂದದಲ್ಲೂ ಒಬ್ಬ ಹತ್ತಿ ವ್ಯಾಪಾರಿ ತಂಡ ಸಾಕುತ್ತಿದ್ದ. ಅವನಿಗೂ ನಮ್ಮ ಸಾವಕಾರರಿಗೂ ಹಳೆಯ ಜಿದ್ದು.

ಕೊನೆಗೊಂದು ಸಂಜೆ ಸಾವಕಾರರು ಆ ಮಾತನ್ನು ಆಡಿಯೇಬಿಟ್ಟರು. "ಊರೂರು ಯಾಕ ತಿರಗ್ಬೇಕ್ರಿ? ಬಾಜೂ ಮನ್ಯಾಗ ಇದ್ದಾನಲ್ಲ. ಅಣ್ಣನ ಹಂಗ ಮೈಕಟ್ಟು, ಅಣ್ಣನ ಹಂಗ ದಮ್ಮು. ಸತ್ತಾಂವನ ತಮ್ಮ ಆಡ್ತಾನ ಅಂದ್ರ ಮಂದಿ ಜಾತ್ರಿ ನೆರದಂಗ ನೆರೀತಾರ."

ನನ್ನ ಕೈಯ ನೂಲು ಹರಿಯಿತು. ದೊಡ್ಡವ್ವನ ರಾಟಿ ಮಾತ್ರ ಅದೇ ಗತಿಯಲ್ಲಿ ತಿರುಗುತ್ತಿತ್ತು. ಅವಳು ತಲೆಯೆತ್ತಲಿಲ್ಲ. ಅವಳ ಕಂಡಿಕೆ ತುಂಬಿ ನೂಲು ಅಂಚಿನಿಂದ ಜಾರಿ ಮುದ್ದೆಯಾಗಿ ನೆಲಕ್ಕೆ ಬೀಳುತ್ತಿತ್ತು. ಅದನ್ನು ಅವಳು ನೋಡಲೂ ಇಲ್ಲ.

"ಅದು ಬ್ಯಾಡ್ರಿ," ಎಂದರು ನನ್ನ ಯಜಮಾನರು.

"ಯಾಕ?"

"ಬ್ಯಾಡ ಅಂದ್ನೆಲ್ರಿ."

ಆ ಮೇಲೆ ಊಟಕ್ಕೆ ಕೂತಾಗ ನಾನು ಹೇಳಿದೆ. "ನೀವು ಗಟ್ಟಿ ನಿಲ್ರಿ. ಆ ಮನಿಯಿಂದ ಇನ್ನೊಬ್ಬ ಹೋಗೂದು ಬ್ಯಾಡ."

ಅವರು ರೊಟ್ಟಿ ಮುರಿಯುತ್ತ ಹೇಳಿದರು: "ನಾವು ಬ್ಯಾಡ ಅಂದ್ರ ನರಗುಂದದವ್ರು ಹೌದು ಅಂತಾರ. ಅಂವ ಎಲ್ಯಾರ ಆಡಾಂವನ. ನಮ್ಮ ಕೂಡ ಇದ್ರ, ಮ್ಯಾಲ ಬಿದ್ದವ್ರನ್ನ ಕೂಗಿ ಬಿಡಸಾಕ ನಾವರ ಇರ್ತೀವಿ. ಇದರಾಗ ಯಾವ್ದು ಸರಿ ನೀನ ಹೇಳು."

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮರುದಿನ ಸಂಜೆ ಆ ಹುಡುಗನೇ ಬಂದು ಕಟ್ಟೆಯ ಕೆಳಗೆ ನಿಂತ. ಹುಡುಗ ಎನ್ನುತ್ತೇನೆ, ಆದರೆ ನನಗಿಂತ ದೊಡ್ಡವನೇ, ಮೀಸೆ ಬಲಿತಿತ್ತು. ಅಣ್ಣ ನಗುಮುಖದವನಾಗಿದ್ದ. ಇವನು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಅಣ್ಣನ ಜಾಗ ನನ್ನದು," ಎಂದ. "ಯಾರನ್ನ ಕೇಳಾಕ ಹತ್ತೀರಿ ನೀವು?"

ಮಾವ ಬಾಗಿಲ ಕಡೆ ತಿರುಗಿದರು. "ಯವ್ವಾ, ನೀ ಏನಂತಿ?" ಎಂದು ಒಳಗಿದ್ದ ದೊಡ್ಡವ್ವನನ್ನು ಕೇಳಿದರು.

ಅವಳು ಎದ್ದು ಬಾಗಿಲಿಗೆ ಬಂದಳು. "ನನ್ನ ಕೇಳಬ್ಯಾಡ್ರಿ. ನನ್ನ ಕೇಳಿದ್ರ ಇಲ್ಲ ಅಂತೀನಿ. ನಾ ಇಲ್ಲ ಅಂದದ್ದು ಅವನ ಕಿವಿಗೆ ಹೋಗೂದಿಲ್ಲ. ಅವನ ಅಣ್ಣಗೂ ಹೋಗಿರಲಿಲ್ಲ," ಎಂದು ಹೇಳಿ ಒಳಗೆ ಬಂದು ಕೂತಳು.

ಮಾವ ಬಹಳ ಹೊತ್ತು ಗಡ್ಡ ನೀವಿಕೊಂಡರು. ಕೊನೆಗೆ ಮಾವ, "ಮೊದಲ ತಾಲೀಮಿಗೆ ಬಾ. ನೋಡೂಣು," ಎಂದರು. ಸಾವಕಾರರು ಅಲ್ಲಿಂದ ಏಳುವಾಗ ಹುಡುಗನ ಬೆನ್ನು ತಟ್ಟಿದರು. ದನ ಕೊಂಡವರು ಹಾಗೆ ತಟ್ಟುತ್ತಾರೆ.

ತಾಲೀಮು ನಡೆಯುತ್ತಿದ್ದದ್ದು ನಮ್ಮ ಓಣಿಯ ಹಿಂದಿನ ಬಯಲಿನಲ್ಲಿ. ಮುಂಜಾನೆ ಅಲ್ಲಿಯೇ ನಾವು ಹೆಂಗಸರು ಹಾಸಿನ ನೂಲನ್ನು ಗೂಟದಿಂದ ಗೂಟಕ್ಕೆ ಉದ್ದಕ್ಕೆ ಬಿಗಿದು ಗಂಜಿ ಹಚ್ಚುತ್ತಿದ್ದೆವು. ಒಂದು ಬದಿಗೆ ನಮ್ಮ ಕೆಲಸ, ಇನ್ನೊಂದು ಬದಿಗೆ ಅವರ ಆಟ. ಆದ್ದರಿಂದ ಆ ದಿನ ನಡೆದದ್ದನ್ನು ನಾನು ಕಣ್ಣಾರೆ ಕಂಡೆ.

ಅವನು ಎರಡು ಸಲ ನುಗ್ಗಿದ, ಎರಡು ಸಲವೂ ಮುಟ್ಟಿ ಬಂದ. ಎದುರಿನವರು ತಡಬಡಿಸಿದರು. ಕಲಾಯಿಯವರು ಬಾತ ಮೊಣಕಾಲು ಚಾಚಿಕೊಂಡು ಬದಿಗೆ ಕೂತು 'ಶಾಭಾಸ್' ಎನ್ನುತ್ತಿದ್ದರು. ನಾನು ದೊಡ್ಡವ್ವನನ್ನು ನೋಡಿದೆ. ಅವಳು ಬ್ರಶ್ಶಿನಿಂದ ಎಳೆಗಳನ್ನು ಬಾಚುತ್ತಿದ್ದಳು, ಆ ಕಡೆ ಬೆನ್ನು. ಆದರೆ ಅವನ ಹುತುತು ಸುರುವಾದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಅಣ್ಣನ ದನಿಯೇ ಅದು. ಮೂಗಿನಲ್ಲಿ ಸುರುವಾಗಿ ಎದೆಗೆ ಇಳಿಯುವ ದನಿ.

ಮೂರನೆಯ ಸಲ ಒಬ್ಬ ಅವನ ಕಾಲು ಹಿಡಿದ. ಇನ್ನೊಬ್ಬ ಸೊಂಟ ಹಿಡಿದ. ಅವನು ಬಿದ್ದ. ಉಳಿದವರು ಮೇಲೆ ಬಿದ್ದರು. ತಾಲೀಮಿನಲ್ಲಿ ಇಷ್ಟಾದರೆ ಯಾರೂ ದಮ್ಮು ಹಿಡಿಯುವುದಿಲ್ಲ, ನಕ್ಕು ಬಿಟ್ಟುಬಿಡುತ್ತಾರೆ. ಇವನು ಬಿಡಲಿಲ್ಲ. ರಾಶಿಯ ಕೆಳಗಿನಿಂದ 'ಹುತುತು ಹುತುತು' ಬರುತ್ತಲೇ ಇತ್ತು. ಅವನ ಒಂದು ಕೈ ಮಾತ್ರ ಹೊರಗಿತ್ತು; ಅದರ ಬೆರಳು ಮಣ್ಣನ್ನು ಕೆರೆದು ನಡುಗೆರೆಯ ಕಡೆಗೆ ಹುಡುಕುತ್ತಿದ್ದವು. ದನಿ ಸಣ್ಣದಾಗುತ್ತ ಹೋಯಿತು. ನಾವು ಹೆಂಗಸರು ಕೆಲಸ ಬಿಟ್ಟು ನಿಂತೆವು. ಅದು ಬರಬರುತ್ತ ನೊಣ ಗುಂಯ್‌ಗುಟ್ಟಿದಷ್ಟಾಯಿತು. ಮಣ್ಣು ಕೆರೆಯುವ ಬೆರಳು ನಿಂತವು.

"ಬಿಡೋ! ದಮ್ಮು ಬಿಡೋ ನನ್ನಪ್ಪಾ!" ದೊಡ್ಡವ್ವ ಕೂಗಿದಳು. ಗಂಜಿಯ ಕೈಯಲ್ಲೇ ಹಾಸನ್ನು ತುಳಿದುಕೊಂಡು ಓಡಿದಳು.

ಅವಳಿಗಿಂತ ಮೊದಲು ನನ್ನ ಯಜಮಾನರು ಅಲ್ಲಿಗೆ ಮುಟ್ಟಿದರು. ಒಬ್ಬೊಬ್ಬರನ್ನೇ ಜುಟ್ಟು, ಅಂಗಿ, ಕೈಗೆ ಸಿಕ್ಕದ್ದು ಹಿಡಿದು ಕಿತ್ತು ಒಗೆದರು. ಕೆಳಗೆ ಅವನ ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಹಲ್ಲು ಕಚ್ಚಿಕೊಂಡಿದ್ದ. ಕಪಾಳಕ್ಕೆ ಎರಡು ಹೊಡೆದ ಮೇಲೆ ಉಸಿರು ಎಳೆದ. ಆ ಎಳೆತದ ಸಪ್ಪಳ ಇಡೀ ಬಯಲಿಗೆ ಕೇಳಿತು.

ಎದ್ದು ಕೂತವನು ಮೊದಲು ಹೇಳಿದ್ದೇನು ಗೊತ್ತೇ? "ಯಾಕ ಬಿಡಿಸಿದಿ? ನಾ ಗೆರಿ ಮುಟ್ಟಾಂವಿದ್ದೆ."

"ಎಲ್ಲಿ ಮುಟ್ಟಾಂವಿದ್ದಿ? ನಿಮ್ಮ ಅಣ್ಣ ಮುಟ್ಟಿದಲ್ಲೆ?" ಎಂದರು ನನ್ನ ಯಜಮಾನರು.

ಆ ಸಂಜೆ ಕಟ್ಟೆಯ ಮೇಲೆ ಜಗಳವೇ ಆಯಿತು. ಮಾವ ಖಂಡಿತ ಮಾತಿನಲ್ಲಿ ಹೇಳಿದರು, ಅವನು ತಂಡಕ್ಕೆ ಬೇಡ. "ದಮ್ಮು ಹಿಡಿಯೂದು ಕಲಸ್ಬಹುದು. ಬಿಡೂದು ಕಲಸಾಕ ಬರೂದಿಲ್ಲ. ಬಿಡಾಕ ಬರದಾಂವ ನನ್ನ ತಂಡದಾಗ ಬ್ಯಾಡ."

"ಹಂಗಾರ ಮೂರನೇದಾಂವ ಯಾರು? ಎರಡನೇದಾಂವ ಯಾರು?" ಸಾವಕಾರರು ದನಿ ಏರಿಸಿದರು. "ಒಂದು ಕುಂಟು ಕಾಲು ಕಟಗೊಂಡು ನರಗುಂದದವ್ರ ಮುಂದ ನಿಲ್ತೀರೇನು?"

ಕಲಾಯಿಯವರು ತಲೆ ತಗ್ಗಿಸಿದರು. ಮಾವ ಮುಶಿಗೇರಿಯ ಎತ್ತರದ ಆಳನ್ನೂ ಲಕ್ಕಲಕಟ್ಟಿಯ ಹುಡುಗನನ್ನೂ ಕರೆಸಿ ಎಂದರು. ಸಾವಕಾರರು ರುಮಾಲು ಹೆಗಲಿಗೆ ಎಸೆದುಕೊಂಡು ಎದ್ದು ಹೋದರು. ಆ ಮೇಲೆ ಅವರು ನಮ್ಮ ಕಟ್ಟೆಗೆ ಬರಲಿಲ್ಲ. ಹಾಲು ತುಪ್ಪ ಮಾತ್ರ ಬಂತು. ಪಂದ್ಯದಿಂದ ಹಿಂದೆ ಸರಿದರೆ ಅವರ ಮಾನವೇ ಹೋಗುತ್ತಿತ್ತು.

ದಸರೆಗೆ ಬನ್ನಿ ಕೊಡಲು ದೊಡ್ಡವ್ವ ಬಂದಾಗ, ಅವಳ ಜೊತೆ ಮಗ ಇರಲಿಲ್ಲ. "ನರಗುಂದಕ್ಕ ಹ್ವಾದ," ಎಂದಳು. "ಅಲ್ಲಿ ಹತ್ತಿ ವ್ಯಾಪಾರಿ ಇಟಗೊಂಡಾನಂತ. ಮೂರನೇದಾಂವ ಅಲ್ಲ, ಮೊದಲ್ನೇದಾಂವ ಅಂತ." ನನ್ನ ಯಜಮಾನರು ಅವಳ ಕೈಯಿಂದ ಬನ್ನಿ ತೆಗೆದುಕೊಂಡು ಕಾಲಿಗೆ ಬಿದ್ದರು. ಅವಳು ಹೋದ ಮೇಲೆ ನನಗೆ ಹೇಳಿದರು: "ಕೊಣ್ಣೂರಾಗ ಅವನ್ನ ಹಿಡಿಯಾಂವ ನಾನ."

ಆಗ ನನಗೆ ತಿಳಿಯಿತು. ಬಂದವನ ಹಿಮ್ಮಡಿ ಹಿಡಿಯುವುದು ಅವರ ಕೆಲಸ. ಹಿಡಿದರೆ ಅವನು ದಮ್ಮು ಬಿಡುವುದಿಲ್ಲ. ಅವರು ಕೈ ಬಿಡುವಂತಿಲ್ಲ. ಆ ದಿನದಿಂದ ದೀಪಾವಳಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಆಟದ ಮಾತೆತ್ತಲಿಲ್ಲ. ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲೇ ಕೈ ನಿಲ್ಲಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಮಾವ ಅದನ್ನು ಕಂಡೂ ಕಾಣದಂತೆ ಹೊರಗೆ ಹೋಗುತ್ತಿದ್ದರು.

ಕೊಣ್ಣೂರು ನನ್ನ ತವರು. ದೀಪಾವಳಿಗೆ ಅಪ್ಪ ಕರೆಯಲು ಬಂದಾಗ ದೊಡ್ಡವ್ವ ತಾನೂ ಬರುತ್ತೇನೆಂದಳು. ಅವಳನ್ನೂ ಚಕ್ಕಡಿಗೆ ಹತ್ತಿಸಿಕೊಂಡೆವು. ಆ ವರ್ಷ ಮಲಪ್ರಭೆ ತಡವಾಗಿ ಇಳಿದಿತ್ತು. ದಂಡೆಯ ಹೊಲಗಳಲ್ಲಿ ಇನ್ನೂ ರಾಡಿ, ಗಿಡದ ಕೊಂಬೆಗಳಲ್ಲಿ ಹೊಳೆ ತಂದು ಸಿಕ್ಕಿಸಿದ ಕಸ. ಊರಿನ ಮಗ್ಗುಲಿಗೆ ಎತ್ತರದ ಬಯಲೊಂದನ್ನು ಹಸನು ಮಾಡಿ ಗೆರೆ ಹಾಕಿದ್ದರು. ನಮ್ಮ ಅಪ್ಪನ ಮನೆಯ ಮಾಳಿಗೆಯಿಂದ ಆ ಬಯಲು ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಹೆಂಗಸರು ಅಂಗಳಕ್ಕೆ ಹೋಗುವ ಹಾಗಿರಲಿಲ್ಲ. ಮಾಳಿಗೆಗಳೆಲ್ಲ ಸೆರಗುಗಳಿಂದ ತುಂಬಿದವು.

ದೊಡ್ಡವ್ವ ಮಾಳಿಗೆಯ ಮೂಲೆಯಲ್ಲಿ ಬಯಲಿಗೆ ಬೆನ್ನು ಮಾಡಿ ಕೂತಳು. "ನಾ ನೋಡೂದಿಲ್ಲ ಮಗಳ. ನೀ ನೋಡಿ ಹೇಳು," ಎಂದಳು.

ಮಂದಿ ನೆರೆದಿತ್ತು. ಸಾವಕಾರರ ಮಾತು ಸುಳ್ಳಾಗಿರಲಿಲ್ಲ. ಸತ್ತವನ ತಮ್ಮನನ್ನು ನೋಡಲೆಂದೇ ರೋಣದಿಂದ, ನರಗುಂದದಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಅವನು ಅಂಗಳಕ್ಕೆ ಇಳಿದಾಗ ಮಂದಿ ಕೂಗಲಿಲ್ಲ. ಗಪ್ಪಾಯಿತು. ಏನೋ ನಡೆಯುತ್ತದೆ ಎಂದು ಕಾಯುವವರ ಹಾಗೆ.

ಕಲಾಯಿಯವರು ಆ ದಿನ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಆಡಿದ ಆಟವನ್ನು ನಾನು ಮರೆತಿಲ್ಲ. ಮುಶಿಗೇರಿಯವನು ಎರಡೇ ಸಲ ಹೋಗಿ ಹೊರಬಿದ್ದ. ಲಕ್ಕಲಕಟ್ಟಿಯ ಹುಡುಗ ಎಲ್ಲರ ನಗೆಯನ್ನೂ ಸುಳ್ಳು ಮಾಡಿ ಇಬ್ಬರನ್ನು ಮುಟ್ಟಿ ಬಂದ. ಕೊನೆಗೆ ಎರಡೂ ಕಡೆ ಸರಿಸಮ ನಿಂತಿತ್ತು. ಹೊತ್ತು ಇಳಿಯುತ್ತಿತ್ತು. ಪಂಚರು ಇದೇ ಕಡೆಯ ಸರತಿ ಎಂದು ಕೂಗಿದರು. ನರಗುಂದದವರ ಸರತಿ. ಅವನೇ ಬಂದ.

"ಬಂದ್ನೇನು?" ದೊಡ್ಡವ್ವ ಕೇಳಿದಳು. ನಾನು ಹೇಳುವ ಮೊದಲೇ ಅವಳಿಗೆ ಆ ದನಿ ಕೇಳಿಸಿತ್ತು.

ಅವನು ಎಡಕ್ಕೆ ತೂಗಿದ, ಬಲಕ್ಕೆ ಹಾರಿದ, ಮೂಲೆಯವನನ್ನು ಮುಟ್ಟಿ ತಿರುಗಿದ. ತಿರುಗುವಾಗ ನನ್ನ ಯಜಮಾನರ ಕೈ ಅವನ ಹಿಮ್ಮಡಿಗೆ ಬಿತ್ತು. ಅವನು ಉದ್ದಕ್ಕೆ ಬಿದ್ದ. ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದರು. ಬಯಲಿನ ಅಷ್ಟೂ ಮಂದಿ ಎದ್ದು ನಿಂತಿತು. ಗದ್ದಲದ ನಡುವೆಯೂ ಕೆಳಗಿನ ಹುತುತು ಕೇಳುತ್ತಿತ್ತು. ಆಮೇಲೆ ಗದ್ದಲ ನಿಂತಿತು. ಎಲ್ಲರೂ ಅದನ್ನೇ ಕೇಳತೊಡಗಿದರು. ಒಬ್ಬನ ಉಸಿರು ಯಾವಾಗ ನಿಲ್ಲುತ್ತದೆ ಎಂದು ಒಂದು ಊರಿಗೆ ಊರೇ ಕಿವಿಗೊಟ್ಟು ನಿಂತಿತ್ತು.

"ಯಾರು ಹಿಡದಾರ?" ದೊಡ್ಡವ್ವನ ದನಿ.

ನಾನು ಮಾಳಿಗೆಯ ಅಂಚನ್ನು ಹಿಡಿದುಕೊಂಡೆ.

"ನಿನ್ನ ಗಂಡನ?"

"ಹೂನ್ ದೊಡ್ಡವ್ವಾ."

ಅವಳು ನೆಲಕ್ಕೆ ಎರಡೂ ಅಂಗೈ ಊರಿದಳು. ತಿರುಗಿ ನೋಡಲಿಲ್ಲ. ಹುತುತು ತೆಳ್ಳಗಾಗುತ್ತಿತ್ತು. ಬಿಡು, ಬಿಡು ಎಂದು ನಾನು ಮನಸ್ಸಿನಲ್ಲಿ ಹೇಳುತ್ತಿದ್ದೆ. ಅವನಿಗೆ ಹೇಳುತ್ತಿದ್ದೆನೋ ಇವರಿಗೋ ನನಗೇ ಗೊತ್ತಿಲ್ಲ.

ಆಗ ನನ್ನ ಯಜಮಾನರು ಎದ್ದು ನಿಂತರು. ಹಿಮ್ಮಡಿ ಬಿಟ್ಟು ಎದ್ದರು. ತಮ್ಮವರನ್ನೇ, ಮೇಲಿದ್ದವನನ್ನು ಎತ್ತಿ ಒಗೆದರು, ಅವನ ಕೆಳಗಿನವನನ್ನು ಒದ್ದರು. ಮೂರನೆಯವನು ಗಾಬರಿಯಾಗಿ ತಾನೇ ಸರಿದ. ಕೆಳಗಿದ್ದವನು ಒಂದು ಮೊಳ ತೆವಳಿದ, ಇನ್ನೊಂದು ಮೊಳ. ಬೆರಳು ಗೆರೆ ಮುಟ್ಟಿತು. ಸೀಟಿ ಬಿತ್ತು. ನರಗುಂದದವರು ಗೆದ್ದರು.

ಅವನು ಅಲ್ಲೇ ಬೋರಲು ಬಿದ್ದಿದ್ದ. ಅವನ ಕಡೆಯವರು ಕುಣಿಯುತ್ತ ಬಂದು, ಹತ್ತಿರ ಬಂದವರೇ ನಿಂತುಬಿಟ್ಟರು. ಕಲಾಯಿಯವರು ಕುಂಟುತ್ತ ಹೋಗಿ ಅವನನ್ನು ಅಂಗಾತ ಮಾಡಿದರು. ಮೂಗಿನಿಂದ ರಕ್ತ ಬರುತ್ತಿತ್ತು. ಎದೆ ಏಳುತ್ತಿತ್ತೋ ಇಲ್ಲವೋ ಮಾಳಿಗೆಯಿಂದ ಕಾಣಲಿಲ್ಲ. ಕಲಾಯಿಯವರು ನಮ್ಮ ಮಾಳಿಗೆಯ ಕಡೆ ತಿರುಗಿ ಎರಡೂ ಕೈ ಎತ್ತಿ ಬೀಸಿದರು. ಆಗ ನಾನು ಹೇಳಿದೆ, "ಇದ್ದಾನ ದೊಡ್ಡವ್ವಾ."

ಅವಳನ್ನು ನಾನೂ ನಮ್ಮವ್ವನೂ ಹಿಡಿದು ಮೆಟ್ಟಿಲಿಳಿಸಿದೆವು.

ಆ ಮೇಲಿನದು ನಮ್ಮ ಪಾಲಿಗೆ ಕೆಟ್ಟ ಕಾಲ. ಹಿಡಿದರೆ ಬಿಡದವನು ಬಿಟ್ಟನೆಂದರೆ ನರಗುಂದದವರಿಂದ ರೊಕ್ಕ ತಿಂದಿದ್ದಾನೆ ಎಂದು ಗಜೇಂದ್ರಗಡಕ್ಕೆ ಗಜೇಂದ್ರಗಡವೇ ಆಡಿಕೊಂಡಿತು. ನಾನು ನೀರಿಗೆ ಹೋದರೆ ಬಾವಿಯಲ್ಲಿ ಮಾತು ನಿಲ್ಲುತ್ತಿತ್ತು. ಸಾವಕಾರರು ನಮಗೆ ನೂಲು ಕೊಡುವುದನ್ನು ನಿಲ್ಲಿಸಿದರು. ಒಂದು ಮಗ್ಗ ಖಾಲಿ ಬಿತ್ತು. ಇನ್ನೊಂದಕ್ಕೆ ಕಲಾಯಿಯವರ ಮಾವನ ಕಡೆಯ ವ್ಯಾಪಾರಿಯೊಬ್ಬರು ನೂಲು ಕೊಟ್ಟರು, ಅದರಿಂದ ನಾವು ಉಂಡೆವು. ಮಾವ ಮಗನ ಜೊತೆ ಸಂಕ್ರಮಣದವರೆಗೆ ಮಾತಾಡಲಿಲ್ಲ. ಆ ಹುಡುಗನನ್ನು ತಂಡಕ್ಕೆ ಬೇಡವೆಂದವರು ಮಾವನೇ. ಆದರೂ ಅಂಗಳದಲ್ಲಿ ಹಿಡಿದ ಕೈ ಬಿಟ್ಟದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು. ಒಂದು ದಿನ ಊಟದ ನಡುವೆ, "ಮತ್ತ ಹಂಗ ಆದ್ರ ಏನ ಮಾಡ್ತಿ?" ಎಂದು ಕೇಳಿದರು.

"ಮತ್ತ ಹಂಗ ಮಾಡ್ತೀನಿ," ಎಂದರು ಇವರು.

ಮಾವ ಕೈ ತೊಳೆದುಕೊಂಡು, "ಹಂಗಾರ ನೀ ಆಡಬ್ಯಾಡ," ಎಂದರು. ಅಷ್ಟೇ. ಬೈದದ್ದೋ ಒಪ್ಪಿದ್ದೋ ತಿಳಿಯಲಿಲ್ಲ. ಇವರು ಆ ಮೇಲೆ ಅಂಗಳಕ್ಕೆ ಇಳಿಯಲಿಲ್ಲ.

ಹಂಗಾಮು ಮುಗಿದ ಮೇಲೆ ಆ ಹುಡುಗ ಊರಿಗೆ ಬಂದ. ಬಂದ ದಿನವೇ ನಮ್ಮ ಮನೆಗೆ ಬಂದು, ಹೊಸ್ತಿಲ ಹೊರಗೆ ನಿಂತು ಕೇಳಿದ: "ನೀ ಯಾಕ ಬಿಟ್ಟಿ?"

"ನಿನ್ನ ಕಾಲು ಭಾಳ ಬೆವತಿತ್ತು. ಜಾರಿತು," ಎಂದರು ಇವರು, ಮಗ್ಗದಿಂದ ಏಳದೆ.

"ಸುಳ್ಳು. ನಿನ್ನ ಕೈಯಾಗಿಂದ ಯಾರೂ ಜಾರಿಲ್ಲ. ನಾ ಗೆದ್ದದ್ದಲ್ಲ ಅದು, ನೀ ಕೊಟ್ಟದ್ದು. ನರಗುಂದದಾಗ ಎಲ್ಲಾರೂ ನನ್ನ ಮಾರಿಗೇ ಅದನ್ನ ಅಂತಾರ." ಅವನ ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. "ನೀ ಹಿಡಿಬೇಕಿತ್ತು."

"ಹಿಡದಿದ್ರ ಇವತ್ತು ಬಂದು ಕೇಳಾಕ ನೀ ಇರ್ತಿರಲಿಲ್ಲ."

ಅವನು ಬಾಗಿಲ ಚೌಕಟ್ಟನ್ನು ಮುಷ್ಟಿಯಿಂದ ಗುದ್ದಿ ಹೊರಟುಹೋದ. ಹೋಗುವಾಗ ಕೆಮ್ಮಿದ. ಕೊಣ್ಣೂರಿನಲ್ಲಿ ಅವನ ಪಕ್ಕೆಲುಬು ಮುರಿದಿತ್ತೆಂದೂ ಅದನ್ನು ಬಿಗಿದುಕೊಂಡೇ ಉಳಿದ ಪಂದ್ಯಗಳನ್ನು ಆಡಿದನೆಂದೂ ಆಮೇಲೆ ಕಲಾಯಿಯವರಿಂದ ಗೊತ್ತಾಯಿತು. ಮರುವರ್ಷವೂ ಅವನು ನರಗುಂದಕ್ಕೆ ಹೋದ. ಆ ನಾಲ್ಕು ತಿಂಗಳು ದೊಡ್ಡವ್ವ ಓಣಿಗೆ ಯಾವ ಚಕ್ಕಡಿ ಬಂದರೂ ಎದ್ದು ಬಾಗಿಲಿಗೆ ಬರುತ್ತಿದ್ದಳು. ಅದು ಮುಂದೆ ಹೋಗುವವರೆಗೆ ಚೌಕಟ್ಟು ಹಿಡಿದು ನಿಂತಿರುತ್ತಿದ್ದಳು. ಅದರ ಮುಂದಿನ ವರ್ಷ, ಮುರಿದ ಎಲುಬು ಸರಿಯಾಗಿ ಕೂಡದೆ, ಅವನ ದಮ್ಮು ನಡುಗೆರೆಯವರೆಗೂ ಸಾಲದಾಯಿತು. ಹತ್ತಿ ವ್ಯಾಪಾರಿ ಅವನನ್ನು ಕೈಬಿಟ್ಟ. ಅವನು ಬಂದು ಅಣ್ಣನ ಮಗ್ಗದಲ್ಲಿ ಕೂತ. ರೋಣದ ಕಡೆಯ ಹುಡುಗಿಯನ್ನು ಮದುವೆಯಾದ. ಮಕ್ಕಳಾದವು.

ನನ್ನ ಯಜಮಾನರ ಜೊತೆ ಮಾತ್ರ ಅವನು ಕಡೆಯವರೆಗೂ ಮಾತಾಡಲಿಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆ. ಇವರ ಲಾಳಿಯ ಸಪ್ಪಳ ಅವನಿಗೆ ಕೇಳುತ್ತಿತ್ತು, ಅವನ ಕೆಮ್ಮು ಇವರಿಗೆ. ಚಳಿಗಾಲದಲ್ಲಿ ಆ ಕೆಮ್ಮು ಜೋರಾಗಿ, ಒಮ್ಮೊಮ್ಮೆ ಉಸಿರು ಸಿಕ್ಕಿಕೊಂಡಂತೆ ನಡುವೆಯೇ ನಿಂತುಬಿಡುತ್ತಿತ್ತು. ಆಗ ಇವರ ಕೈಯೂ ಮಗ್ಗದ ಮೇಲೆ ನಿಲ್ಲುತ್ತಿತ್ತು. ಗೋಡೆಯ ಆಚೆಯಿಂದ ಮತ್ತೆ ಕೆಮ್ಮು ಕೇಳಿದ ಮೇಲೆಯೇ ಇವರು ಮುಂದಿನ ಎಳೆ ಹಾಕುತ್ತಿದ್ದದ್ದು.